ರಿಂಗಿನ ಕೆಳಗೆ ಇಬ್ಬರು

ಕಳೆದ ಮಾಘದಲ್ಲಿ ಮಾದೇಗೌಡನ ಮಗಳ ಮದುವೆಗೆಂದು ಕನಕಪುರಕ್ಕೆ ಹೋಗಿದ್ದೆ. ಊರು ಇನ್ನೂ ಸ್ವಲ್ಪ ದೂರವಿರುವಾಗಲೇ ಬಸ್ಸು ನಿಂತಿತು. ಪಕ್ಕದಲ್ಲಿ ಹಿಪ್ಪುನೇರಳೆ ಸೊಪ್ಪು ಹೇರಿಕೊಂಡ ಲಗೇಜ್ ಆಟೊ ಒಂದು ನಿಂತಿತ್ತು. ಆಗಷ್ಟೇ ಕೊಯ್ದ ಸೊಪ್ಪಿನ ಹಸಿ ಒಗರು ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹುಡುಗಿ ದುಪಟ್ಟಾ ಮೂಗಿಗೆ ಹಿಡಿದಳು. ನಾನು ಗಾಜನ್ನು ಇನ್ನಷ್ಟು ಸರಿಸಿ ಮುಖ ಹೊರಗೆ ಹಾಕಿದೆ.

ಕಲ್ಯಾಣ ಮಂಟಪದ ಬಾಗಿಲಲ್ಲಿ ಇಬ್ಬರು ಗಂಡಸರು ನಿಂತು ಬಂದವರಿಗೆ ಕೈ ಮುಗಿಯುತ್ತಿದ್ದರು. ಒಬ್ಬ ಹೆಣ್ಣಿನ ತಂದೆ ಮಾದೇಗೌಡ. ಇನ್ನೊಬ್ಬ ಪೊಲೀಸ್ ಇಲಾಖೆಯಿಂದ ನಿವೃತ್ತನಾದ ಕೆಂಪರಾಜು. ಇಬ್ಬರೂ ಬಾಗಿಲ ತೋರಣಕ್ಕೆ ತಲೆ ತಗಲದಂತೆ ಸ್ವಲ್ಪ ಬಗ್ಗಿಯೇ ನಿಂತಿದ್ದರು. ಗಂಡಿನ ಕಡೆಯ ಹೆಂಗಸೊಬ್ಬರು ನನ್ನ ಕಿವಿಯ ಹತ್ತಿರ ಬಂದು, “ಇವರಿಬ್ಬರೂ ಅಣ್ಣತಮ್ಮಂದಿರಾ?” ಎಂದು ಕೇಳಿದರು. ಅಲ್ಲ ಎಂದೆ. ಮತ್ತೇನು ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಒಂದು ಇಡೀ ಮಳೆಗಾಲವನ್ನು ಹೇಳಬೇಕಾಗುತ್ತಿತ್ತು.

ಆ ಮಳೆಗಾಲದಲ್ಲಿ ನನಗೆ ಇಪ್ಪತ್ತನಾಲ್ಕು. ಮೈಸೂರಿನವಳು. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿಕೊಂಡೇ ಬೆಳೆದು, ದೈಹಿಕ ಶಿಕ್ಷಣದ ಪದವಿ ಮುಗಿಸಿ, ಮೊದಲ ಕೆಲಸಕ್ಕೆ ಕನಕಪುರದ ಒಂದು ಕಾಲೇಜಿಗೆ ಬಂದಿದ್ದೆ. ಜಿಲ್ಲೆ ಆಗಿನ್ನೂ ಬೆಂಗಳೂರು ಗ್ರಾಮಾಂತರ. ಪ್ರಿನ್ಸಿಪಾಲರು ಒಳ್ಳೆಯವರೇ, ಆದರೆ ಮೊದಲ ದಿನವೇ, “ಹೆಣ್ಣುಮಕ್ಕಳಿಗೆ ಥ್ರೋಬಾಲ್ ಹೇಳಿಕೊಡಿ ಸಾಕಮ್ಮ. ನಮ್ಮ ಹುಡುಗರು ನಿಮ್ಮ ಮಾತು ಕೇಳೋದಿಲ್ಲ” ಅಂದುಬಿಟ್ಟರು. ಕಾಲೇಜಿನ ಹಿಂದೆ ಮಣ್ಣಿನ ಅಂಗಳ, ಎರಡು ಕಬ್ಬಿಣದ ಕಂಬ, ಬಣ್ಣ ಹೋದ ಹಲಗೆ, ಅದಕ್ಕೆ ಒಂದೊಂದು ರಿಂಗು. ಒಂದು ಕಂಬಕ್ಕೆ ಜವಾನನ ಕರು ಕಟ್ಟಿರುತ್ತಿತ್ತು. ಆ ಕರುವನ್ನು ಬೇರೆ ಕಡೆ ಕಟ್ಟಿಸಿದ್ದೇ ನನ್ನ ಮೊದಲ ಕೆಲಸ.

ಹುಡುಗರು ಮಾತು ಕೇಳಿದರು. ಹೆಂಗಸೊಬ್ಬಳು ಗೆರೆಯಾಚೆ ನಿಂತು ಒಂದರ ಹಿಂದೆ ಒಂದು ಚೆಂಡನ್ನು ರಿಂಗಿಗೆ ಹಾಕುವುದನ್ನು ನೋಡಿ ಬಾಯಿ ಬಿಟ್ಟುಕೊಂಡು ನಿಂತವರೇ ಮರುದಿನದಿಂದ ಬರತೊಡಗಿದರು. ಅವರಲ್ಲಿ ಕೆಂಪರಾಜು ಒಬ್ಬ. ಮಾಗಡಿಯವನು. ಅಪ್ಪ ಪೊಲೀಸ್ ಪೇದೆ, ಕನಕಪುರಕ್ಕೆ ವರ್ಗವಾಗಿ ಬಂದಿದ್ದರು. ಆರಡಿ ಮೂರಂಗುಲದ ಹುಡುಗ, ಹೈಸ್ಕೂಲಿನಲ್ಲೇ ಆಟ ಕಲಿತಿದ್ದ. ರಿಂಗಿಗೆ ಬೆನ್ನು ಕೊಟ್ಟು ನಿಂತು ಕೈ ಎತ್ತಿದನೆಂದರೆ ಚೆಂಡು ಅವನದೇ. ಇಂಥ ಒಬ್ಬ ಸಿಕ್ಕರೆ ಸಾಕು, ತಂಡ ತಾನಾಗಿ ಆಗುತ್ತದೆ ಎಂದು ನಾನು ಖುಷಿಪಟ್ಟೆ.

ಹದಿನೈದು ದಿನಕ್ಕೆ ದೊಡ್ಡಆಲಹಳ್ಳಿಯ ಮಾದೇಗೌಡ ಬಂದ. ಅವನನ್ನು ಕರೆತಂದವನು ನಮ್ಮ ತಂಡದ ಕುಳ್ಳ ನಾಗರಾಜ. ಅಂಗಳದ ಉದ್ದಕ್ಕೂ ಚೆಂಡು ತಂದು ದೊಡ್ಡವರ ಕೈಗೆ ಮುಟ್ಟಿಸುವುದು ನಾಗರಾಜನ ಕೆಲಸ. “ನೋಡಿ ಮೇಡಂ, ಇನ್ನೊಂದ್ ಕಂಬ ಸಿಕ್ತು” ಎಂದ. ಮಾದ ನಾಚಿಕೊಂಡು ನಿಂತಿದ್ದ. ಅದೇ ಎತ್ತರ, ಅದೇ ಉದ್ದ ತೋಳು, ಅದೇ ತೆಳ್ಳನೆ ಕಪ್ಪು ಮೈ. ಅವನು ಅದುವರೆಗೆ ಬ್ಯಾಸ್ಕೆಟ್‌ಬಾಲ್ ಮುಟ್ಟಿದವನಲ್ಲ. ಆದರೆ ನೆಲ ಬಿಟ್ಟು ಹಾರಿದರೆ ಇಳಿಯುವುದನ್ನೇ ಮರೆತವನ ಹಾಗೆ ಮೇಲೆ ಇರುತ್ತಿದ್ದ. ಜುಲೈ ಮುಗಿಯುವುದರೊಳಗೆ ಕೆಂಪರಾಜು ಮಾಡುವುದನ್ನೆಲ್ಲ ಮಾದನೂ ಮಾಡುತ್ತಿದ್ದ. ಅದೇ ಜಾಗದಲ್ಲಿ, ಅದೇ ರೀತಿ. ತೊಂದರೆ ಶುರುವಾಗಿದ್ದು ಅಲ್ಲೇ.

ನನ್ನ ಕೋಚ್ ನನಗೆ ಹೇಳಿಕೊಟ್ಟಿದ್ದು ಒಂದೇ ಮಾತು: ಒಂದೇ ಥರದ ಇಬ್ಬರು ಎತ್ತರದವರನ್ನು ಒಟ್ಟಿಗೆ ಇಳಿಸಬೇಡ, ಒಬ್ಬ ಆಡಲಿ, ಒಬ್ಬ ಕೂರಲಿ. ಹಾಗೇ ಮಾಡಿದೆ. ಒಂದು ದಿನ ಕೆಂಪರಾಜು ಮೊದಲು ಇಳಿದರೆ ಇನ್ನೊಂದು ದಿನ ಮಾದ. ಹೊರಗೆ ಕೂತ ಕೆಂಪರಾಜು ಶೂ ಲೇಸನ್ನು ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಮಾಡುತ್ತಿದ್ದ. ಮಾದನಾದರೆ ಟವೆಲ್ಲನ್ನು ತಲೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತ ಕೂರುತ್ತಿದ್ದ. ಇಬ್ಬರೂ ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಹುಡುಗರು ಎರಡು ಪಕ್ಷವಾದರು. ಇಂಗ್ಲಿಷ್ ಮೇಷ್ಟ್ರು ಕೂಡ ಸ್ಟಾಫ್ ರೂಮಿನಲ್ಲಿ, “ಇಬ್ಬರನ್ನೂ ಮೊದಲೇ ಇಳಿಸಿದರೆ ಏನಾಗುತ್ತೆ?” ಎಂದು ಕೇಳಿದರು. ನನಗೂ ಅದೇ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಿತ್ತು. ಅಷ್ಟು ಎತ್ತರದ ಒಬ್ಬ ಹುಡುಗ ಸಿಗುವುದೇ ಕಷ್ಟ. ಸಿಕ್ಕ ಇಬ್ಬರಲ್ಲಿ ಒಬ್ಬನನ್ನು ದಿನಾ ಬೆಂಚಿನ ಮೇಲೆ ಕೂರಿಸುವುದು ಹೇಗೆ?

ಚನ್ನಪಟ್ಟಣದಲ್ಲಿ ಒಂದು ಸ್ನೇಹ ಪಂದ್ಯವಿತ್ತು. ಹಿಂದಿನ ರಾತ್ರಿ ಮಳೆ ಬಂದು ಅಂಗಳ ಕೆಸರಾಗಿತ್ತು. ಅಲ್ಲಿಯ ಹುಡುಗರು ಗೊಂಬೆ ಮಾಡುವ ಮನೆಗಳಿಂದ ಮರದ ಹೊಟ್ಟು ಮೂಟೆ ಮೂಟೆ ತಂದು ಸುರಿದಿದ್ದರು. ಅದರಲ್ಲಿ ಅಲ್ಲಲ್ಲಿ ಕೆಂಪು, ಹಳದಿ ಅರಗಿನ ಚೂರುಗಳು ಮಿಂಚುತ್ತಿದ್ದವು. ಆ ದಿನ ಧೈರ್ಯ ಮಾಡಿ ಇಬ್ಬರನ್ನೂ ಇಳಿಸಿದೆ.

ನೋಡಲಾಗಲಿಲ್ಲ. ಇಬ್ಬರೂ ರಿಂಗಿನ ಬಲಗಡೆಗೇ ಹೋಗಿ, ಭುಜಕ್ಕೆ ಭುಜ ತಾಗಿಸಿ, ಬೆನ್ನು ತಿರುಗಿಸಿ, ಕೈ ಎತ್ತಿ ನಿಂತರು. ಇಬ್ಬರನ್ನು ಕಾಯಲು ಎದುರಾಳಿಗಳಿಗೆ ಒಬ್ಬನೇ ಸಾಕಾಯಿತು. ನಾಗರಾಜ ಚೆಂಡು ಹಿಡಿದುಕೊಂಡು ನನ್ನ ಕಡೆ ತಿರುಗಿ ಕೂಗಿದ: “ಮೇಡಂ, ಇಬ್ರೂ ಒಂದೇ ತಾವ್ ನಿಂತವ್ರೆ, ಯಾರಿಗ್ ಕೊಡ್ಲಿ?” ಹಲಗೆಗೆ ಬಡಿದು ಬಂದ ಚೆಂಡಿಗೆ ಇಬ್ಬರೂ ಒಟ್ಟಿಗೆ ಹಾರಿದರು. ನಾಲ್ಕು ಕೈಗಳ ನಡುವಿನಿಂದ ಚೆಂಡು ಜಾರಿ ಹೊರಗೆ ಹೋಯಿತು. ಮಾದನ ಮೊಣಕೈ ಕೆಂಪರಾಜನ ತುಟಿಗೆ ಬಡಿಯಿತು.

“ಏನ್ಲಾ, ಕಣ್ಣು ಕಾಣಕಿಲ್ವಾ?”

“ನನ್ ಜಾಗಕ್ಕೆ ಯಾಕ್ ಬಂದೆ ನೀನು?”

“ನಿನ್ ಜಾಗ್ವಾ? ನಿಮ್ಮಪ್ಪ ಬರ್ಕೊಟ್ಟವ್ನಾ?”

ರೆಫರಿ ಬಂದು ಬಿಡಿಸಬೇಕಾಯಿತು. ಹೀನಾಯವಾಗಿ ಸೋತೆವು. ಆ ಕಡೆಯ ಕೋಚ್, ವಯಸ್ಸಾದವರು, ನಗುತ್ತ, “ಒಂದೇ ಗುಂಡೀಲಿ ಎರಡು ತೆಂಗಿನ ಸಸಿ ನೆಟ್ಟಿದೀರಲ್ಲಮ್ಮ” ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಒಬ್ಬ ಮುಂದಿನ ಸೀಟು, ಒಬ್ಬ ಹಿಂದಿನ ಸೀಟು. ಕೆಂಪರಾಜನ ತುಟಿ ಊದಿಕೊಂಡಿತ್ತು.

ಆ ವಾರವೆಲ್ಲ ಯೋಚಿಸಿದೆ. ಇಬ್ಬರೂ ಆಡಬೇಕೆಂದರೆ ಒಬ್ಬ ರಿಂಗಿನ ಬುಡ ಬಿಟ್ಟು, ಹದಿನೈದು ಅಡಿ ಆಚೆಗಿನ ಫ್ರೀ ಥ್ರೋ ಗೆರೆಯ ತನಕ ಹೊರಗೆ ಬರಬೇಕು. ಹೊರಗೆ ಬರುವುದೆಂದರೆ ಅವರ ಲೆಕ್ಕದಲ್ಲಿ ಸೋಲು. ಎತ್ತರದವನು ಒಳಗೆ, ಕುಳ್ಳರು ಹೊರಗೆ, ಅಷ್ಟೇ ಅವರಿಗೆ ಗೊತ್ತಿದ್ದದ್ದು. ಮಾದನನ್ನು ಗೆರೆಯ ಹತ್ತಿರ ನಿಲ್ಲಿಸಿ ನೋಡಿದೆ. ಅವನು ಎಸೆದ ಚೆಂಡು ಹಲಗೆ ದಾಟಿ ಕರುವಿನ ಹುಲ್ಲಿನಲ್ಲಿ ಬಿತ್ತು. ಕೆಂಪರಾಜನ ಕೈ ಮೃದು. ಅವನೇ ಬರಬೇಕಿತ್ತು. ಹೇಳಿದಾಗ ಅವನ ಮುಖ ಕಪ್ಪಿಟ್ಟಿತು.

“ನನ್ನ ಯಾಕ್ ಆಚೆ ಹಾಕ್ತೀರ ಮೇಡಂ? ನಾನು ಮೊದ್ಲಿಂದ ಆಡ್ತಾ ಇವ್ನಿ. ಅವ್ನು ನಿನ್ನೆ ಮೊನ್ನೆ ಬಂದೋನು.”

ವಾದ ಮಾಡಲಿಲ್ಲ. ಎಲ್ಲರೂ ಮನೆಗೆ ಹೋದ ಮೇಲೆ ಅವನೊಬ್ಬನನ್ನೇ ಉಳಿಸಿಕೊಂಡು, ನಾನು ರಿಂಗಿನ ಕೆಳಗೆ ಬೆನ್ನು ತಿರುಗಿಸಿ ನಿಂತೆ.

“ಕೆಂಪರಾಜು, ಇಲ್ಲಿ ನಿಂತಾಗ ನಿನಗೆ ಏನು ಕಾಣುತ್ತೆ?”

“ಚೆಂಡು ತರೋನು ಕಾಣ್ತಾನೆ.”

“ಮತ್ತೆ?”

“ಇನ್ನೇನಿಲ್ಲ. ಬೆನ್ನ ಮೇಲೆ ಒಬ್ಬ ಬಿದ್ದಿರ್ತಾನೆ.”

“ಈಗ ಗೆರೆ ಹತ್ರ ಹೋಗಿ, ರಿಂಗಿನ ಕಡೆ ಮುಖ ಮಾಡಿ ನಿಂತ್ಕೊ. ಏನು ಕಾಣುತ್ತೆ?”

ಅವನು ನಿಂತ. ಬಲಗಡೆ ನೋಡಿದ, ಎಡಗಡೆ ನೋಡಿದ. ಅವನ ಎತ್ತರಕ್ಕೆ ಅಡ್ಡ ಬರುವವರು ಯಾರಿರುತ್ತಾರೆ?

“ಎಲ್ಲಾ ಕಾಣ್ತೈತೆ ಮೇಡಂ” ಎಂದ. ದನಿ ಸ್ವಲ್ಪ ಇಳಿದಿತ್ತು. “ನೀವೂ ಕಾಣ್ತೀರ.”

“ಮಾದನಿಗೆ ಅಲ್ಲಿ ಯಾರೂ ಕಾಣಲ್ಲ ಕಣಪ್ಪ. ಅವನ ಕಣ್ಣು ನೀನೇ ಆಗಬೇಕು.”

ಮರುದಿನ ಅವನು ಬಂದು, ಯಾರ ಮುಖವನ್ನೂ ನೋಡದೆ, ಗೆರೆಯ ಹತ್ತಿರ ಹೋಗಿ ನಿಂತ.

ಆಗಸ್ಟ್ ಪೂರ್ತಿ ಅದನ್ನೇ ಮಾಡಿದೆವು. ಮಳೆ ಬಂದರೆ ವೆರಾಂಡದಲ್ಲಿ, ನಿಂತರೆ ಅಂಗಳದಲ್ಲಿ. ನಾಗರಾಜ ಕೆಂಪರಾಜನಿಗೆ ಕೊಡುವುದು, ಕೆಂಪರಾಜು ನೋಡುವುದು, ದಾರಿ ಇದ್ದರೆ ತಾನೇ ಹಾಕುವುದು, ಇಲ್ಲದಿದ್ದರೆ ಒಳಗೆ ಮಾದನಿಗೆ ಇಳಿಸುವುದು. ಮೊದಮೊದಲು ಅವನು ಕೊಟ್ಟ ಚೆಂಡು ಮಾದನ ಬೆನ್ನಿಗೇ ಹೋಗಿ ಬಡಿಯುತ್ತಿತ್ತು. ಬೇಕೆಂದೇ ಹೊಡೆದನೇನೋ ಎಂದು ಮಾದ ಗುರ್ ಎನ್ನುತ್ತಿದ್ದ. ಆಗ ಕೆಂಪರಾಜು ಕೂಗಿ ಹೇಳಲು ಶುರು ಮಾಡಿದ. ಹೇಳದೆ ವಿಧಿಯಿರಲಿಲ್ಲ. “ಮಾದ, ಎಡ!” “ಮಾದ, ಹಿಂದೆ ಅವ್ನೆ!” “ಮಾದ, ಹಾರ್ಲಾ!” ದಿನಕ್ಕೆ ಎಷ್ಟು ಸಲ ಅವನ ಹೆಸರು ಕೂಗಿದನೋ ಲೆಕ್ಕವಿಲ್ಲ. ಅಷ್ಟು ಸಲ ಹೆಸರು ಹಿಡಿದು ಕರೆದವನ ಮೇಲೆ ಎಷ್ಟು ದಿನ ಮುನಿಸಿಕೊಂಡಿರಲು ಸಾಧ್ಯ? ಸೆಪ್ಟೆಂಬರ್ ಹೊತ್ತಿಗೆ ಮಾದ ತಿರುಗಿ ನೋಡುವುದನ್ನೇ ಬಿಟ್ಟ. ದನಿ ಬಂದ ಕಡೆಗೆ ಕೈ ಚಾಚುತ್ತಿದ್ದ, ಚೆಂಡು ಅಲ್ಲಿರುತ್ತಿತ್ತು.

ಒಂದು ಸಂಜೆ ಇಬ್ಬರೂ ನಲ್ಲಿಯ ಹತ್ತಿರ ಒಂದೇ ಪೊಟ್ಟಣದ ಕಡಲೆಕಾಯಿ ತಿನ್ನುತ್ತ ಕೂತಿದ್ದನ್ನು ನೋಡಿ, ನಾನು ಆ ಕಡೆ ಹೋಗದೆ ಸುತ್ತು ಹಾಕಿಕೊಂಡು ಮನೆಗೆ ಹೋದೆ.

ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಅಂತರ ಕಾಲೇಜು ಪಂದ್ಯಾವಳಿ. ನಮ್ಮ ಕಾಲೇಜು ಅದಕ್ಕೆ ಹೋಗುತ್ತಿದ್ದದ್ದೇ ಮೊದಲು. ಶನಿವಾರ ಬೆಳಿಗ್ಗೆ ಹೊರಡಬೇಕು. ಗುರುವಾರ ಮಾದ ಬರಲಿಲ್ಲ. ಸಂಜೆ ಅವನ ಊರಿನ ಕಡೆಯ ಹುಡುಗನೊಬ್ಬ ಸುದ್ದಿ ತಂದ. ಮಾದನ ಅಪ್ಪ ತೋಟದ ಬದುವಿನಲ್ಲಿ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಿದ್ದಾರೆ. ಮನೆಯಲ್ಲಿ ರೇಷ್ಮೆ ಹುಳ ಹಣ್ಣಾಗಿವೆ. ಅವನು ಬರುವುದಿಲ್ಲ.

ಹುಳ ಹಣ್ಣಾಗುವುದೆಂದರೆ ಏನೆಂದು ಮೈಸೂರಿನ ನನಗೆ ಗೊತ್ತಿರಲಿಲ್ಲ. ನಾಗರಾಜ ಹೇಳಿದ. ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ಮೈ ಹಳದಿಗೆ ತಿರುಗಿ, ತಲೆ ಎತ್ತಿ ಆಡಿಸತೊಡಗಿದರೆ ಗೂಡು ಕಟ್ಟಲು ಸಿದ್ಧವಾದ ಹಾಗೆ. ಆಗ ತಡ ಮಾಡದೆ ಒಂದೊಂದನ್ನೇ ಆರಿಸಿ ಚಂದ್ರಿಕೆಗೆ, ಅಂದರೆ ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ತಟ್ಟಿಗೆ, ಬಿಡಬೇಕು. ಬಿಡದಿದ್ದರೆ ಇಡೀ ಬೆಳೆ ಹಾಳು. ಮನೆಯವರೆಲ್ಲ ಕೂತರೂ ಕೈ ಸಾಲದ ಕೆಲಸ.

ಒಬ್ಬ ಹುಡುಗ ಮೆಲ್ಲಗೆ, “ಹೋಗ್ಲಿ ಬುಡಿ ಮೇಡಂ, ಕೆಂಪ ಇಲ್ವಾ? ಮೊದ್ಲಂಗೆ ಒಳಗಡೆ ಅವ್ನೇ ನಿಂತ್ಕತಾನೆ” ಎಂದ. ಅದು ನಿಜ. ಜೂನ್‌ನಿಂದ ಕೆಂಪರಾಜು ಬಯಸಿದ್ದ ಜಾಗ ತಾನಾಗಿ ಅವನ ಮುಂದೆ ಬಂದಿತ್ತು. ನಾನು ಅವನ ಕಡೆ ನೋಡಿದೆ. ಅವನು ಚೆಂಡನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು ಕೂತಿದ್ದ.

“ನಾಳೆ ಬೆಳಿಗ್ಗೆ ಆಲಹಳ್ಳಿಗೆ ಮೊದಲ ಬಸ್ಸು ಎಷ್ಟೊತ್ತಿಗ್ಲಾ?” ಎಂದು ನಾಗರಾಜನನ್ನು ಕೇಳಿದ.

“ಯಾಕೆ?”

“ಯಾಕೆ ಅಂದ್ರೆ? ಹುಳ ಆಯಕ್ಕೆ. ಎಲ್ರೂ ಹೋದ್ರೆ ಸಂಜೆಗೆ ಮುಗೀತದೆ.” ಆಮೇಲೆ ನನ್ನ ಕಡೆ ತಿರುಗಿ, ಏನೋ ತಪ್ಪು ಮಾಡಿದವನ ಹಾಗೆ, “ಅವ್ನಿಲ್ದೆ ನಾನು ಯಾರ್ನ ಕೂಗ್ಲಿ ಮೇಡಂ?” ಎಂದ.

ಶುಕ್ರವಾರ ಬೆಳಿಗ್ಗೆ ತಂಡವೆಲ್ಲ ದೊಡ್ಡಆಲಹಳ್ಳಿಯಲ್ಲಿ ಇಳಿಯಿತು. ಬಾಗಿಲಿಗೆ ಬಂದ ಮಾದ ನಮ್ಮನ್ನು ನೋಡಿ ಅಲ್ಲೇ ನಿಂತುಬಿಟ್ಟ. ಅಪ್ಪ ಜಗುಲಿಯಲ್ಲಿ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದರು. ಎದ್ದು ನಿಲ್ಲಲು ಹೋಗಿ ನೋವಿಗೆ ಮತ್ತೆ ಕೂತರು. “ಕಾಲೇಜ್ ಮೇಡಮ್ಮೋರ್ನ ಹುಳದ್ ಕೆಲ್ಸಕ್ಕೆ ಕರ್ಕಂಡ್ ಬಂದಿದಿಯೇನ್ಲಾ?” ಎಂದು ಮಗನನ್ನೇ ಗದರಿದರು. ಮಾದ ಕಣ್ಣಿಂದಲೇ ಕೆಂಪರಾಜನನ್ನು ತೋರಿಸಿದ.

ಹುಳುಮನೆಯ ಯಜಮಾನಿಕೆ ಮಾದನ ಅಜ್ಜಿಯದು. ಎಲ್ಲರಿಗೂ ಕೈಕಾಲು ತೊಳೆಸಿ ಒಳಗೆ ಬಿಟ್ಟರು. ನನ್ನನ್ನು ಮಾತ್ರ ಬಾಗಿಲಲ್ಲೇ ತಡೆದು, “ಒಸಿ ತಡಿ ತಾಯಿ, ಆ ಹೂವು ತೆಗುದ್ಬುಡು. ಹುಳಕ್ಕೆ ವಾಸ್ನೆ ಆಗಕಿಲ್ಲ” ಎಂದರು. ಮುಡಿದಿದ್ದ ಮಲ್ಲಿಗೆ ತೆಗೆದು ಕೊಟ್ಟೆ. ಅವರು ಅದನ್ನು ಮಾದಪ್ಪ ದೇವರ ಫೋಟೊಗೆ ಮುಡಿಸಿ ಬಂದರು.

ಒಳಗೆ ಮಬ್ಬು ಬೆಳಕು. ಮಾಡಿನವರೆಗೆ ಸಾಲು ಸಾಲು ತಟ್ಟೆಗಳು. ಸೊಪ್ಪಿನ ವಾಸನೆ, ಸುಣ್ಣದ ವಾಸನೆ, ಮತ್ತು ಸಾವಿರಾರು ಹುಳಗಳು ಒಟ್ಟಿಗೆ ಅಲುಗಾಡುವ, ಹನಿಮಳೆಯಂಥ ಸದ್ದು. ಹುಳವನ್ನು ಮೊದಲ ಸಲ ಮುಟ್ಟಿದಾಗ ಬೆನ್ನು ಜುಂ ಎಂದಿತು. ತಣ್ಣಗೆ, ಮೆತ್ತಗೆ. ಅಜ್ಜಿ ಹೇಳಿಕೊಡುತ್ತಾ ಹೋದರು: “ಅದುಮ್‌ಬ್ಯಾಡಿ, ಹೂವ ಎತ್ತಂಗೆ ಎತ್ರಿ. ಒತ್ತೊತ್ತಾಗಿ ಬುಡ್‌ಬ್ಯಾಡಿ, ಎರಡು ಸೇರ್ಕಂಡು ಒಂದೇ ಗೂಡು ಕಟ್‌ಬುಡ್ತವೆ, ಆಮೇಲೆ ನೂಲು ಬರಕಿಲ್ಲ.” ನಾಗರಾಜ ತಕ್ಷಣ, “ಚನ್ನಪಟ್ಟಣದಲ್ಲಿ ಇವ್ರಿಬ್ರೂ ಅದೇ ಮಾಡಿದ್ದು ಅಜ್ಜಿ” ಎಂದ. ಅಜ್ಜಿಗೆ ಅರ್ಥವಾಗಲಿಲ್ಲ. ಮಿಕ್ಕವರೆಲ್ಲ ನಕ್ಕರು. ಮಾದ ಮತ್ತು ಕೆಂಪರಾಜು ಒಬ್ಬರ ಮುಖ ಒಬ್ಬರು ನೋಡದೆ ನಕ್ಕರು.

ಮಧ್ಯಾಹ್ನ ಮುದ್ದೆ, ಬಸ್ಸಾರು. ಮಾದನ ಅವ್ವ ಇಬ್ಬರು ಎತ್ತರದವರನ್ನೂ ಪಕ್ಕಪಕ್ಕ ಕೂರಿಸಿ ಇಕ್ಕಿದ್ದೇ ಇಕ್ಕಿದ್ದು. “ನನ್ ಮಗ ಒಬ್ನೇ ಇಂಗ್ ಉಣ್ಣದು ಅನ್ಕಂಡಿದ್ದೆ” ಎಂದು ಕೆಂಪರಾಜನ ತಲೆ ಸವರಿದರು. ತಾಯಿ ಇಲ್ಲದ ಹುಡುಗ ಅವನು, ಅಪ್ಪನೊಂದಿಗೆ ಪೊಲೀಸ್ ಕ್ವಾರ್ಟರ್ಸಿನಲ್ಲಿ ತಾನೇ ಅನ್ನ ಬೇಯಿಸಿಕೊಂಡು ಬೆಳೆದವನು. ತಲೆ ತಗ್ಗಿಸಿ ಮುದ್ದೆ ಮುರಿಯುತ್ತ ಕೂತ. ಬಹಳ ಹೊತ್ತು ತಲೆ ಎತ್ತಲಿಲ್ಲ. ಮಾದ ತನ್ನ ತಟ್ಟೆಯ ತುಪ್ಪದ ಕಡೆಯ ಮುದ್ದೆಯನ್ನು ಮುರಿದು ಅವನ ತಟ್ಟೆಗೆ ಹಾಕಿದ.

ಹೊತ್ತು ಇಳಿಯುವಷ್ಟರಲ್ಲಿ ಕೊನೆಯ ಹುಳ ಚಂದ್ರಿಕೆ ಸೇರಿತು. ತುಂಬಿದ ಚಂದ್ರಿಕೆಗಳನ್ನು ಆ ಇಬ್ಬರೂ ಎರಡು ತುದಿ ಹಿಡಿದು ಹೊರಗೆ ಚಪ್ಪರಕ್ಕೆ ಸಾಗಿಸಿದರು. “ಒಸಿ ಎತ್ಲಾ.” “ಎತ್ತಿವ್ನಿ, ನೀ ನಡಿ.” ಅಪ್ಪ ಜಗುಲಿಯಿಂದ ನೋಡುತ್ತಿದ್ದವರು, “ಕರ್ಕಂಡೋಗಿ ಮೇಡಂ ಇವನ್ನ. ಇನ್ನು ನಾವು ನೋಡ್ಕತೀವಿ” ಎಂದರು.

ಬೆಂಗಳೂರಿನ ಅಂಗಳ ಸಿಮೆಂಟಿನದು. ಸುತ್ತ ಮೆಟ್ಟಿಲು, ಮೆಟ್ಟಿಲ ಮೇಲೆ ಜನ. ನಮ್ಮ ಹುಡುಗರು ಬಗ್ಗಿ ಆ ನೆಲವನ್ನು ಕೈಯಿಂದ ಮುಟ್ಟಿ ನೋಡಿದರು. ಮೊದಲ ಪಂದ್ಯಕ್ಕೆ ಹೆಸರು ಕೊಡುವಾಗ ನಾನು ಇಬ್ಬರ ಹೆಸರನ್ನೂ ಮೊದಲ ಐವರಲ್ಲಿ ಬರೆಸಿದೆ. ಆಟ ಶುರುವಾಯಿತು. ಒಬ್ಬ ಗೆರೆಯಲ್ಲಿ, ಒಬ್ಬ ಬುಡದಲ್ಲಿ. ಕೆಂಪರಾಜನನ್ನು ತಡೆಯಲು ಬಂದರೆ ಚೆಂಡು ಮಾದನ ಕೈಯಲ್ಲಿ, ಮಾದನನ್ನು ಮುತ್ತಿದರೆ ಕೆಂಪರಾಜು ನಿಂತಲ್ಲಿಂದಲೇ ಹಾಕುತ್ತಿದ್ದ. “ಮಾದ, ಎಡ!” ಎಂಬ ಮಾಗಡಿಯ ದನಿ ಅಂಗಳವೆಲ್ಲ ಕೇಳುತ್ತಿತ್ತು. ಶನಿವಾರ ಎರಡು ಪಂದ್ಯ ಗೆದ್ದೆವು. ಭಾನುವಾರ ಬೆಳಿಗ್ಗೆ ಇನ್ನೊಂದು. ಸಂಜೆಯ ಹೊತ್ತಿಗೆ, ಕನಕಪುರ ಎಲ್ಲಿದೆ ಎಂದು ಕೇಳಿದ್ದ ಹುಡುಗರೇ ಮೆಟ್ಟಿಲ ಮೇಲೆ ಕೂತು ನಮ್ಮ ಪರವಾಗಿ ಕೂಗುತ್ತಿದ್ದರು.

ಫೈನಲ್. ಎದುರಿಗೆ ನಗರದ ದೊಡ್ಡ ಕಾಲೇಜು. ಕೊನೆಯ ತನಕ ಸಮಸಮ. ಇನ್ನೇನು ಮುಗಿಯಿತು ಅನ್ನುವಾಗ ಅವರು ಒಂದು ಪಾಯಿಂಟು ಮುಂದಿದ್ದರು, ಚೆಂಡು ನಮ್ಮದು. ನಾಗರಾಜ ಓಡಿ ಬಂದು ಕೆಂಪರಾಜನಿಗೆ ಕೊಟ್ಟ. ಕೆಂಪರಾಜನ ಮುಂದೆ ಯಾರೂ ಇರಲಿಲ್ಲ. ಆ ಜಾಗದಿಂದ ಅವನು ಕಣ್ಣು ಮುಚ್ಚಿ ಹಾಕಬಲ್ಲವನು. ನಾನು ಎದ್ದು ನಿಂತೆ. ಅವನು ಕೈ ಎತ್ತಿದ. ಅಷ್ಟರಲ್ಲಿ ರಿಂಗಿನ ಕೆಳಗೆ ಮಾದ ಒಬ್ಬನೇ ಇರುವುದು ಅವನಿಗೆ ಕಂಡಿತು.

“ಮಾದ!”

ಚೆಂಡು ಮಾದನ ಕೈಗೆ ಬಂತು. ಎದುರಾಳಿ ಒಬ್ಬ ಅವನ ಮೇಲೆ ಹಾರಿ ಬಂದ. ಬಂದರೂ ಮಾದ ಹಾಕಬಹುದಿತ್ತು, ಅವನಿಗಿಂತ ಮೇಲೆ ಹಾರುವವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಅವನು ತಿರುಗಿ, ಗೆರೆಯ ಹತ್ತಿರ ಇನ್ನೂ ಒಂಟಿಯಾಗಿ ನಿಂತಿದ್ದ ಕೆಂಪರಾಜನಿಗೆ ಚೆಂಡನ್ನು ವಾಪಸು ಕೊಟ್ಟ.

ಚೆಂಡು ಗಾಳಿಯಲ್ಲಿರುವಾಗಲೇ ಸಮಯ ಮುಗಿದ ಸೀಟಿ ಊದಿದರು.

ಒಂದು ಕ್ಷಣ ನನಗೆ ಏನಾಯಿತೆಂದೇ ಅರ್ಥವಾಗಲಿಲ್ಲ. ಆಮೇಲೆ ಆ ಕಡೆಯ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕುಣಿಯತೊಡಗಿದರು. ನಮ್ಮ ಇಬ್ಬರು ನಿಂತಲ್ಲೇ ನಿಂತಿದ್ದರು, ಒಬ್ಬ ಬರಿಗೈಯಲ್ಲಿ, ಒಬ್ಬ ಚೆಂಡು ಹಿಡಿದು. ನಾಗರಾಜ ನೆಲದ ಮೇಲೆ ಕೂತು ಅಳುತ್ತಿದ್ದ. ಬೈಯಬೇಕೆಂದು ನಾನು ಅಂಗಳದೊಳಗೆ ಹೋದೆ. ಬೈಯುವ ಬದಲು ಇಬ್ಬರ ತೋಳನ್ನೂ ಹಿಡಿದುಕೊಂಡೆ. ಅಷ್ಟು ಎತ್ತರದವರ ಭುಜ ನನಗೆ ಎಟುಕುತ್ತಿರಲಿಲ್ಲ. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಗೆದ್ದವರ ಕೋಚ್ ಕೈ ಕುಲುಕಲು ಬಂದು, “ನಿಮ್ಮ ಹುಡುಗರಿಗೆ ಸ್ವಲ್ಪ ಸ್ವಾರ್ಥ ಕಲಿಸಿ ಮೇಡಂ” ಎಂದರು. ಕಲಿಸುತ್ತೇನೆ ಎಂದೆ.

ಕಲಿಸಲಿಲ್ಲ. ಅವರಿಬ್ಬರದೂ ಕೊನೆಯ ವರ್ಷ. ಮುಂದಿನ ಬೇಸಿಗೆಗೆ ಕೆಂಪರಾಜು ಪೊಲೀಸ್ ಕೆಲಸಕ್ಕೆ ಸೇರಿದ, ಮಾದ ತೋಟಕ್ಕೆ ಮರಳಿದ. ಅದರ ಮುಂದಿನ ವರ್ಷ ನನಗೂ ವರ್ಗವಾಯಿತು. ಅವರಿಬ್ಬರೂ ಒಟ್ಟಿಗೆ ಆಡಿದ ಕೊನೆಯ ಆಟ ಅದೇ. ಆದರೆ ಆ ಸಂಜೆ ಕನಕಪುರದ ಬಸ್ಸಿನಲ್ಲಿ ಅದು ಯಾರಿಗೂ ಹೊಳೆದಿರಲಿಲ್ಲ. ಹುಡುಗರು ಅತ್ತು ಸುಸ್ತಾಗಿ ಮಲಗಿದ್ದರು. ನಾನು ಮುಂದಿನ ಸೀಟಿನಲ್ಲಿ ಕಣ್ಣು ಮುಚ್ಚಿಕೊಂಡಿದ್ದೆ. ನನ್ನ ಹಿಂದಿನ ಸೀಟಿನಲ್ಲಿ ಆ ಇಬ್ಬರು, ನಾಲ್ಕು ಮೊಣಕಾಲುಗಳನ್ನು ಎಲ್ಲಿ ಇಡುವುದೆಂದು ತಿಳಿಯದೆ ಸೀಟುಗಳ ನಡುವಿನ ಓಣಿಗೆ ಚಾಚಿಕೊಂಡು ಕೂತಿದ್ದರು.

“ನೀನ್ ಹಾಕ್‌ಬೇಕಿತ್ತು ಕಣ್ಲಾ” ಎಂದ ಮಾದ.

“ನೀನ್ ಬುಡದಲ್ಲೇ ಇದ್ದೆ. ನೀನ್ ಹಾಕ್‌ಬೇಕಿತ್ತು.”

ಕೆಂಪರಾಜನೇ ಮತ್ತೆ ಶುರು ಮಾಡಿದ.

“ಮುಂದಿನ್ ಸಲ ನಾನೇ ಹಾಕ್‌ಬುಡ್ತೀನಿ ನೋಡು.”

“ಹಾಕು” ಎಂದ ಮಾದ. “ಹಾಕೋಕ್ ಮುಂಚೆ ಒಸಿ ನನ್ ಕಡೆ ನೋಡ್‌ಬುಟ್ಟು ಹಾಕು.”